ಆಲ್ಕೋ ಹೊಗೆ ಮತ್ತು ಹಿಂದಿನ ಒಂಬತ್ತು ಬೋಗಿ

ಕಳೆದ ಭಾನುವಾರ ರಾತ್ರಿ ಹನ್ನೊಂದರಿಂದ ಹನ್ನೆರಡೂವರೆವರೆಗೆ ನಾನು ಹೊಗೆ ನೋಡ್ತಾ ಕೂತಿದ್ದೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇತ್ತು, ಲ್ಯಾಪ್‌ಟಾಪಲ್ಲಿ ಅರ್ಧ ಮುಗಿದ ಸ್ಲೈಡುಗಳಿದ್ದವು. ಆದರೂ ಒಂದಾದ ಮೇಲೆ ಒಂದು ವಿಡಿಯೋ. ಎಲ್ಲದರಲ್ಲೂ ಅದೇ ಕಥೆ. ಹಳೇ ಡೀಸೆಲ್ ಎಂಜಿನ್ನು ಯಾವುದೋ ಪ್ಯಾಸೆಂಜರ್ ಗಾಡಿಯನ್ನ ಎಳೆದುಕೊಂಡು ಸ್ಟೇಶನ್ ಬಿಡುತ್ತೆ, ನೆತ್ತಿಯಿಂದ ಕರೀ ಹೊಗೆ ಬುಸ್ಸಂತ ಏಳುತ್ತೆ, ಹಾರ್ನು, ಗುಡುಗುಡು ಸದ್ದು, ಕಟ್. ಮುಂದಿನ ವಿಡಿಯೋ.

ರೈಲಿನ ಹುಚ್ಚು ಇಲ್ಲದವರಿಗೆ ಎರಡು ಮಾತು. ಈ ಎಂಜಿನ್ನುಗಳನ್ನ ನಾವು 'ಆಲ್ಕೋ' ಅಂತೀವಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಶೆನೆಕ್ಟಡಿ ಅನ್ನೋ ಊರಲ್ಲಿದ್ದ ಅಮೆರಿಕನ್ ಲೋಕೋಮೋಟಿವ್ ಕಂಪನಿಯ ವಿನ್ಯಾಸ. 1962ರಲ್ಲಿ ಮೊದಲ ಎಂಜಿನ್ನುಗಳು ಹಡಗಲ್ಲಿ ಬಂದವು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾದವು. ಡಬ್ಲ್ಯುಡಿಎಂ-2 ಅಂತ ಹೆಸರು. ಡಬ್ಲ್ಯು ಅಂದ್ರೆ ಬ್ರಾಡ್‌ಗೇಜು, ಡಿ ಅಂದ್ರೆ ಡೀಸೆಲ್, ಎಂ ಅಂದ್ರೆ ಮಿಕ್ಸೆಡ್: ಗೂಡ್ಸಿಗೂ ಸೈ, ಪ್ಯಾಸೆಂಜರಿಗೂ ಸೈ. ಹದಿನಾರು ಸಿಲಿಂಡರು, 2600 ಹಾರ್ಸ್‌ಪವರು. ಎರಡು ಸಾವಿರಕ್ಕೂ ಹೆಚ್ಚು ಎಂಜಿನ್ನು ಆದವು. ತಮಾಷೆ ಅಂದ್ರೆ, ಶೆನೆಕ್ಟಡಿಯ ಮೂಲ ಕಾರ್ಖಾನೆ 1969ರಲ್ಲೇ ಬಾಗಿಲು ಹಾಕಿತು. ತವರುಮನೆ ಮುಚ್ಚಿದ ಮೇಲೂ ಮಗಳು ಇಲ್ಲಿ ಐವತ್ತು ವರ್ಷ ಸಂಸಾರ ಮಾಡಿದಳು.

ಈಗ ಹಳಿಗಳ ಮೇಲೆಲ್ಲ ಕರೆಂಟಿನ ತಂತಿ ಬಂದಿದೆ. ಆಲ್ಕೋಗಳು ಶೆಡ್ಡಿನಿಂದ ಗುಜರಿಗೆ ಹೋಗ್ತಿವೆ. ಅದಕ್ಕೇ ಈ ವಿಡಿಯೋಗಳಿಗೆ ಇಷ್ಟು ಬೇಡಿಕೆ. ಇವು ಒಂಥರಾ ಶ್ರದ್ಧಾಂಜಲಿ. ಕೆಳಗೆ ಕಾಮೆಂಟುಗಳಲ್ಲಿ 'ಆ ಕಾಲ ಮತ್ತೆ ಬರಲ್ಲ' ಅಂತ ಬರೆಯೋರಲ್ಲಿ ಅರ್ಧ ಜನ ಹುಟ್ಟಿದ್ದೇ ಎರಡು ಸಾವಿರದ ಇಸವಿ ಆಚೆ ಅಂತ ನನಗೆ ಗುಮಾನಿ. ಇರಲಿ, ನಾನೂ ಅಂಥದ್ದೇ ಬರೆದಿದ್ದೀನಿ.

ಮೊದಲು ಈ ವಿಡಿಯೋಗಳಿಗೆ ಸಲ್ಲಬೇಕಾದ್ದು ಸಲ್ಲಿಸಿಬಿಡೋಣ. ಇವನ್ನ ತೆಗೆಯೋ ಹುಡುಗರು ಸುಮ್ಮನೆ ಮೊಬೈಲ್ ಎತ್ತಿ ಹಿಡಿಯೋರಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬೈಕಲ್ಲಿ ಅರವತ್ತು ಕಿಲೋಮೀಟರ್ ಹೋಗಿ, ಯಾವ ತಿರುವಲ್ಲಿ ಬೆಳಕು ಎಂಜಿನ್ನಿನ ಮೂತಿ ಮೇಲೆ ಬೀಳುತ್ತೆ ಅಂತ ಲೆಕ್ಕ ಹಾಕಿ ನಿಂತಿರ್ತಾರೆ. ಎಂಜಿನ್ನಿನ ನಂಬರು, ಯಾವ ಶೆಡ್ಡಿಂದು, ಯಾವ ದಿನ, ಯಾವ ಗಾಡಿಗೆ ಬಂದಿತ್ತು ಎಲ್ಲ ಬರೆದಿಡ್ತಾರೆ. ಸಂಬಳ ಇಲ್ಲ, ಶಿಫಾರಸು ಇಲ್ಲ. ನಾಳೆ ಯಾರಾದರೂ ಈ ದೇಶದ ಡೀಸೆಲ್ ಕಾಲದ ಚರಿತ್ರೆ ಬರೆಯೋಕೆ ಕೂತರೆ ಇವರ ಕಾಲಿಗೆ ಬೀಳಬೇಕಾಗುತ್ತೆ.

ಆದರೆ ಒಂದು ವಿಡಿಯೋ ಹೇಗೆ ಕಟ್ಟಿದ್ದಾರೆ ಅಂತ ನಿಧಾನಕ್ಕೆ ನೋಡಿ. ನಾಲ್ಕು ನಿಮಿಷ ಇದ್ದರೆ ಮೂರು ನಿಮಿಷ ಎಂಜಿನ್ನೇ. ದೂರದಲ್ಲಿ ಚುಕ್ಕಿ, ಆಮೇಲೆ ಹೆಡ್‌ಲೈಟು, ಆಮೇಲೆ ಹೊಗೆ. ಎಂಜಿನ್ನು ಕ್ಯಾಮೆರಾ ದಾಟಿದ ಕೂಡಲೇ ವಿಡಿಯೋದ ಉಸಿರು ಇಳಿದುಹೋಗುತ್ತೆ. ಒಂದು ಬೋಗಿ, ಎರಡು ಬೋಗಿ, ಮೂರನೇ ಬೋಗಿ ಬರೋ ಹೊತ್ತಿಗೆ ಕಟ್. ಬಾಗಿಲಲ್ಲಿ ಕೂತು ಕಾಲು ಇಳಿಬಿಟ್ಟ ಹುಡುಗ, ಕಿಟಕಿ ಸರಳಿಗೆ ಕಟ್ಟಿದ ಟವೆಲ್ಲು, ಒಳಗಿಂದ ಕೈ ಬೀಸೋ ಮಗು, ಇವೆಲ್ಲ ಆ ಕಟ್‌ನ ಆಚೆ ಉಳಿದುಬಿಡ್ತವೆ. ಇಪ್ಪತ್ತೈದು ಹೊರಡುವಿಕೆಗಳನ್ನ ಒಟ್ಟುಗೂಡಿಸಿದ ಒಂದು ಸಂಕಲನ ನೋಡಿದೆ. ಇಪ್ಪತ್ತೈದರಲ್ಲೂ ಕೊನೆಯ ಬೋಗಿ ಒಂದು ಸಲಾನೂ ಕಾಣಲಿಲ್ಲ. ಹಿಂದೆ ಗಾಡಿ ಇತ್ತು ಅನ್ನೋದನ್ನ ನಂಬಿಕೆ ಮೇಲೆ ಒಪ್ಕೋಬೇಕು.

ಇದು ಬರೀ ಎಡಿಟಿಂಗಿನ ಪ್ರಶ್ನೆ ಅಲ್ಲ. ಹೊಗೆ ಎಲ್ಲಿಂದ ಬರುತ್ತೆ ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿದರೆ ಈ ಕಟ್ ಎಂಥಾ ಎಡವಟ್ಟು ಅಂತ ಗೊತ್ತಾಗುತ್ತೆ.

ಆಲ್ಕೋ ಎಂಜಿನ್ನಿಗೆ ಗಾಳಿ ತುಂಬಿಸೋದು ಟರ್ಬೋ. ಆ ಟರ್ಬೋ ತಿರುಗೋದು ಎಂಜಿನ್ನು ಉಗುಳೋ ಬಿಸಿ ಹೊಗೆಯ ಬಲದಿಂದಲೇ. ಡ್ರೈವರ್ ಮುಂದೆ ಎಂಟು ನಾಚ್‌ಗಳ ಒಂದು ಹಿಡಿ. ನಿಂತ ಗಾಡಿ ಹೊರಡಿಸೋಕೆ ಒಂದು, ಎರಡು, ಮೂರು ಅಂತ ಏರಿಸ್ತಾ ಹೋದಾಗ ಸಿಲಿಂಡರಿಗೆ ಡೀಸೆಲ್ ಕೂಡಲೇ ಹೆಚ್ಚಾಗುತ್ತೆ. ಆದರೆ ಟರ್ಬೋ ವೇಗ ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಎಣ್ಣೆ ಜಾಸ್ತಿ, ಗಾಳಿ ಕಡಿಮೆ. ಸರಿಯಾಗಿ ಉರಿಯದ ಎಣ್ಣೆ ಮಸಿಯಾಗಿ ಆಕಾಶಕ್ಕೆ ಹೋಗುತ್ತೆ. ಟರ್ಬೋ ತಿರುಗೋಕೆ ಶುರುವಾದ ಮೇಲೆ ಹೊಗೆ ತೆಳ್ಳಗಾಗುತ್ತೆ. ಅದೇ ಎಂಜಿನ್ನು ಅದೇ ದಿನ ಎಕ್ಸ್‌ಪ್ರೆಸ್ ಗಾಡಿಗೆ ಕಟ್ಟಿಕೊಂಡು ನೂರರ ವೇಗದಲ್ಲಿ ಒಂದೇ ಸಮ ಓಡ್ತಿದ್ದರೆ ಈ ಕರೀ ಮೋಡ ಕಾಣಲ್ಲ. ಆಮೇಲೆ ಬಂದ ನಾಲ್ಕು ಸಾವಿರ ಹಾರ್ಸ್‌ಪವರಿನ ಜನರಲ್ ಮೋಟರ್ಸ್ ವಿನ್ಯಾಸದ ಎಂಜಿನ್ನುಗಳಲ್ಲಿ (ಇವಕ್ಕೆ ನಮ್ಮ ಹುಬ್ಬಳ್ಳಿ ಶೆಡ್ಡೇ ಮೊದಲ ಮನೆ) ಶುರುವಲ್ಲಿ ಟರ್ಬೋವನ್ನ ಗೇರ್ ಮೂಲಕ ಎಂಜಿನ್ನೇ ತಿರುಗಿಸುತ್ತೆ. ಗಾಳಿಗೆ ಕಾಯೋ ಕೆಲಸ ಇಲ್ಲ, ಹೊಗೆಯೂ ಅಷ್ಟು ಇಲ್ಲ. ಆ ಕಾರಣಕ್ಕೇ ನಮ್ಮ ಆಲ್ಕೋ ಭಕ್ತರು ಅವನ್ನ ವ್ಯಾಕ್ಯೂಮ್ ಕ್ಲೀನರ್ ಅಂತ ಹೀಯಾಳಿಸ್ತಾರೆ.

ಅಂದ್ರೆ ಲೆಕ್ಕ ಏನಾಯ್ತು? ನಾವು ಯಾವುದನ್ನ ಆಲ್ಕೋದ ಸೌಂದರ್ಯ ಅಂತೀವೋ ಅದು ಎಂಜಿನ್ನು ಓಡುವಾಗಿನ ಸೌಂದರ್ಯ ಅಲ್ಲ, ಹೊರಡುವಾಗಿನದು. ಹೊರಡಬೇಕಾದರೆ ಮೊದಲು ನಿಲ್ಲಬೇಕು. ಐದಾರು ಕಿಲೋಮೀಟರಿಗೊಂದು ಸಲ ನಿಂತು, ಇಬ್ಬರನ್ನ ಇಳಿಸಿ, ಮೂವರನ್ನ ಹತ್ತಿಸಿಕೊಂಡು, ಮತ್ತೆ ಒಂದನೇ ನಾಚ್‌ನಿಂದ ಶುರು ಮಾಡೋ ಗಾಡಿ ಯಾವುದು? ಪ್ಯಾಸೆಂಜರ್. ಆ ಹೊಗೆಗೆ ಕಾರಣ ಸಣ್ಣ ಸ್ಟೇಶನ್ನು. ವಿಡಿಯೋಗಳು ಕಾರ್ಯವನ್ನ ಇಟ್ಟುಕೊಂಡು ಕಾರಣವನ್ನ ಕತ್ತರಿಸಿ ಬಿಸಾಡ್ತಿವೆ ಅನ್ನೋದು ನನ್ನ ತಕರಾರು.

ನಾನು ಬೆಳೆದದ್ದು ಗುಬ್ಬಿ ಮತ್ತು ತಿಪಟೂರಿನ ಮಧ್ಯದ ಒಂದು ಸಣ್ಣ ಸ್ಟೇಶನ್ನಿನ ಹತ್ತಿರ. ಹೆಸರು ಬೇಡ, ಆ ಕಡೆಯವರಿಗೆ ಗೊತ್ತಾಗುತ್ತೆ. ತುಮಕೂರು ಬಿಟ್ಟರೆ ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ಕರಡಿ, ತಿಪಟೂರು, ಆಮೇಲೆ ಅರಸೀಕೆರೆ. ತೊಂಬತ್ತರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ತೆಂಗಿನ ತೋಟಗಳ ನಡುವೆ ಹಳಿ. ಬೆಳಗಿನ ಪ್ಯಾಸೆಂಜರ್ ಬಂದಾಗ ಅಜ್ಜಿ ಗಡಿಯಾರ ನೋಡ್ತಿರಲಿಲ್ಲ, 'ಗಾಡಿ ಬಂತು, ಇನ್ನೂ ಸ್ನಾನ ಆಗಿಲ್ವೇನೋ' ಅಂತಿದ್ದಳು. ಗಾಡಿ ಲೇಟಾದ ದಿನ ನನ್ನ ಸ್ನಾನವೂ ಲೇಟು. ಆ ಗಾಡಿಯಲ್ಲಿ ಹೂವಿನ ಬುಟ್ಟಿ ಹೋಗ್ತಿತ್ತು, ಎಳನೀರು, ಮೇಷ್ಟ್ರು, ಐಟಿಐ ಹುಡುಗರು, ತುಮಕೂರಿನ ಆಸ್ಪತ್ರೆಗೆ ಹೋಗೋರು. ಬಸ್ಸಿನ ದುಡ್ಡಲ್ಲಿ ಅರ್ಧ ಕೊಟ್ಟರೂ ಬೇಕಾದಷ್ಟಾಯಿತು. ಹೊರಡುವಾಗ ಒಂದು ಜಗ್ಗು: ಮೊದಲ ಬೋಗಿಗೆ ಧಡ್, ಎರಡನೆಯದಕ್ಕೆ ಧಡ್, ಹಾಗೇ ಕೊನೇವರೆಗೂ. ನಿಂತವರು ಆ ಧಡ್ ಬರೋ ಮೊದಲೇ ಕಂಬಿ ಹಿಡ್ಕೋತಿದ್ದರು. ಎಂಜಿನ್ನಿನ ಪಕ್ಕದ ಬೋಗಿಯಲ್ಲಿ ಕೂತವರ ಬಿಳೀ ಅಂಗಿ ಅರಸೀಕೆರೆ ಹೊತ್ತಿಗೆ ಬಿಳಿ ಇರ್ತಿರಲಿಲ್ಲ.

ಈ ಮಸಿಯ ಮಾತನ್ನ ಮುಚ್ಚಿಡಬಾರದು. ಪರದೆ ಮೇಲೆ ಹೊಗೆಗೆ ವಾಸನೆ ಇರಲ್ಲ. ಎಕ್ಸ್‌ಪ್ರೆಸ್ ಗಾಡಿಗಳಲ್ಲೂ ಜನರಲ್ ಬೋಗಿಗಳನ್ನ ಹಾಕೋದು ಎರಡು ತುದಿಗೆ. ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ಬರೋದು ಅವೇ. ನಾವು ಹೆಡ್‌ಫೋನ್ ಹಾಕ್ಕೊಂಡು ಕೇಳೋ ಸದ್ದು, ನಾವು ಎಚ್‌ಡಿಯಲ್ಲಿ ನೋಡೋ ಹೊಗೆ, ಎರಡೂ ಮೊದಲು ತಲುಪ್ತಿದ್ದದ್ದು ಅತಿ ಕಮ್ಮಿ ದುಡ್ಡು ಕೊಟ್ಟವರಿಗೆ. ಸುಮ್ಮನೆ ನಿಂತಾಗಲೂ ಈ ಎಂಜಿನ್ನುಗಳನ್ನ ಸಾಮಾನ್ಯವಾಗಿ ಆಫ್ ಮಾಡ್ತಿರಲಿಲ್ಲ. ಗಂಟೆಗೆ ಸುಮಾರು 25 ಲೀಟರ್ ಡೀಸೆಲ್ ಕುಡಿದುಕೊಂಡು ಗೊರಗೊರ ಅಂತಿದ್ದವು. ಆ ಗೊರಗೊರ ನನಗೆ ಜೋಗುಳ. ದೇಶದ ಎಣ್ಣೆ ಲೆಕ್ಕ ನೋಡೋನಿಗೆ ಅದು ಸಂಕಟ.

ಹಾಗಾಗಿ 'ಆಲ್ಕೋ ವಾಪಸ್ ತನ್ನಿ' ಅನ್ನೋ ಬೇಡಿಕೆಗೆ ನನ್ನ ಸಹಿ ಇಲ್ಲ. ನಿಂತು ನಿಂತು ಹೋಗೋ ಗಾಡಿಗೆ ಮುಂದೊಂದು ಭಾರೀ ಎಂಜಿನ್ನು ಕಟ್ಟೋದು ಒಳ್ಳೇ ಉಪಾಯವೇ ಅಲ್ಲ. ನೂರಾ ಹನ್ನೆರಡು ಟನ್ ತೂಕದ ಎಂಜಿನ್ನು ಮೊದಲು ತನ್ನನ್ನೇ ತಾನು ಎಬ್ಬಿಸಿಕೊಳ್ಳಬೇಕು, ಆಮೇಲೆ ಒಂಬತ್ತು ಬೋಗಿ. ಎಪ್ಪತ್ತರ ವೇಗ ಮುಟ್ಟೋ ಹೊತ್ತಿಗೆ ಮುಂದಿನ ಸ್ಟೇಶನ್ನು ಬಂದು ಬ್ರೇಕು. ಕೊನೆ ಸ್ಟೇಶನ್ನಿನಲ್ಲಂತೂ ಎಂಜಿನ್ನು ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿಕೊಂಡು ಬಂದು ಇನ್ನೊಂದು ತುದಿಗೆ ಸೇರಬೇಕು. ತಾಳಗುಪ್ಪದಲ್ಲಿ ಇದನ್ನ ನೋಡ್ತಾ ನಾನು ಎರಡು ಟೀ ಕುಡಿದಿದ್ದೀನಿ. ಮೆಮು ಗಾಡಿಗೆ ಎರಡೂ ಕಡೆ ಡ್ರೈವರ್ ಕ್ಯಾಬಿನ್ನು, ಹಳೇ ಮಾದರಿಯಲ್ಲೂ ನಾಲ್ಕು ಬೋಗಿಗೊಂದು ಮೋಟರ್ ಬೋಗಿ. ನಿಂತಷ್ಟೇ ಬೇಗ ಹೊರಡುತ್ತೆ. ಹೊಗೆ ಇಲ್ಲ. ನಮ್ಮೂರವರು ಅದನ್ನ ಇನ್ನೂ 'ಪುಶ್‌ಪುಲ್' ಅಂತಲೇ ಕರೆಯೋದು. ಅವರಿಗೆ ಅದು ಆಲ್ಕೋಗಿಂತ ಒಳ್ಳೇ ಗಾಡಿ, ಅದರಲ್ಲಿ ಅನುಮಾನ ಬೇಡ. ಅದು ಬಂದು ನಿಂತರೆ.

ಆ 'ನಿಂತರೆ'ಯಲ್ಲೇ ಇರೋದು ವಿಷಯ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಪ್ಯಾಸೆಂಜರ್‌ಗಳೆಲ್ಲ ನಿಂತವು. ವಾಪಸ್ ಬರುವಾಗ ನಂಬರಿನ ಮುಂದೆ ಸೊನ್ನೆ ಇಟ್ಟುಕೊಂಡು, 'ಸ್ಪೆಷಲ್' ಅಂತ ಹೆಸರು ಹೊತ್ತುಕೊಂಡು, ಎಕ್ಸ್‌ಪ್ರೆಸ್ ದರ ಹಾಕ್ಕೊಂಡು ಬಂದವು. ಹತ್ತು ರೂಪಾಯಿ ಇದ್ದ ಕನಿಷ್ಠ ಟಿಕೆಟ್ಟು ಮೂವತ್ತಾಯಿತು. ಅದೇ ಬೋಗಿ, ಅದೇ ಹಳಿ, ಅದೇ ವೇಗ. ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ನಡುವಿನ ವರ್ಷಗಳಲ್ಲಿ ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಹೂವಿನ ಬುಟ್ಟಿ ಹೊತ್ತು ದಿನಾ ಹೋಗಿ ಬರೋ ಹೆಂಗಸಿಗೆ ಇಪ್ಪತ್ತು ರೂಪಾಯಿ ಇದ್ದದ್ದು ಅರವತ್ತಾಯಿತು. ಎಷ್ಟೋ ಸಣ್ಣ ಸ್ಟೇಶನ್ನುಗಳಲ್ಲಿ ನಿಲುಗಡೆಗಳೇ ವಾಪಸ್ ಬರಲಿಲ್ಲ.

ಅದೇ ವರ್ಷಗಳಲ್ಲೇ ಆಲ್ಕೋ ವಿಡಿಯೋಗಳ ಸುಗ್ಗಿ ಶುರುವಾಗಿದ್ದು. ನಾನು ಆಗ ನೋಡಿದ ನೂರಾರು ವಿಡಿಯೋಗಳಲ್ಲಿ, ಓದಿದ ಸಾವಿರಾರು ಕಾಮೆಂಟುಗಳಲ್ಲಿ, ಟಿಕೆಟ್ಟಿನ ಬಗ್ಗೆ ಒಂದು ಮಾತು ಕಂಡ ನೆನಪಿಲ್ಲ. ನನ್ನ ಕಾಮೆಂಟಲ್ಲೂ ಇರಲಿಲ್ಲ. ಎಂಜಿನ್ನು ಗುಜರಿಗೆ ಹೋದಾಗ ಕಣ್ಣೀರಿನ ಇಮೋಜಿ ಹಾಕಿದ ನಮಗೆ, ಅದು ದಿನಕ್ಕೆರಡು ಸಲ ನಿಲ್ತಿದ್ದ ಜಾಗ ವೇಳಾಪಟ್ಟಿಯಿಂದ ಹೋದದ್ದು ಕಾಣಲೇ ಇಲ್ಲ. ಮೂರನೇ ಬೋಗಿಗೇ ಕಟ್ ಮಾಡಿ ಮಾಡಿ ನಮ್ಮ ಕಣ್ಣಿಗೂ ಅದೇ ಅಭ್ಯಾಸ ಆಗಿತ್ತೇನೋ.

ಸ್ಟೇಶನ್ನಿನ ಮೇಲಿನ ನಮ್ಮ ಪ್ರೀತಿಯದ್ದೂ ಇದೇ ಜಾತಕ. ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಅರಸಾಳು ಅಂತ ಇದೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಮಾಲ್ಗುಡಿ ಸ್ಟೇಶನ್ನಾಗಿದ್ದು ಇದೇ. ಆಗ ಅದು ಮೀಟರ್‌ಗೇಜ್. ಹಳೇ ಕಟ್ಟಡವನ್ನ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ನಾನು ಹೋದ ದಿನ ಅಲ್ಲಿ ಫೋಟೋ ತಗೋತಿದ್ದವರೆಲ್ಲ ಕಾರಲ್ಲಿ ಬಂದವರು. ನಾನೂ. ಒಬ್ಬರು 'ಇಲ್ಲಿ ಟ್ರೈನ್ ನಿಲ್ಲುತ್ತಾ' ಅಂತ ಇನ್ನೊಬ್ಬರನ್ನ ಕೇಳಿದರು. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹಾಗಂತ ಈ ಪ್ರಕಾರದಲ್ಲಿ ಒಳ್ಳೇದು ಇಲ್ಲವೇ ಇಲ್ಲ ಅಂತಲ್ಲ. ಒಂದು ವಿಡಿಯೋ ಇದೆ, ನೋಡಿದವರು ಕಮ್ಮಿ. ಎರಡನೇ ಬೋಗಿಯ ಕಿಟಕಿಯಿಂದ ತೆಗೆದದ್ದು. ಒಂದು ಹಾಲ್ಟಿನಿಂದ ಮುಂದಿನ ಹಾಲ್ಟಿನವರೆಗೆ, ಒಂಬತ್ತು ನಿಮಿಷ, ಒಂದೇ ಶಾಟು. ಎಂಜಿನ್ನು ಕಾಣೋದೇ ಒಂದು ತಿರುವಲ್ಲಿ, ಅದೂ ಹತ್ತು ಸೆಕೆಂಡು. ಆದರೆ ಇಡೀ ಒಂಬತ್ತು ನಿಮಿಷ ಅದು ಕೇಳಿಸ್ತಾನೇ ಇರುತ್ತೆ. ಮೊದಲು ಆ ಧಡ್. ಯಾರದೋ ಟಿಫನ್ ಬಾಕ್ಸು ಕೆಳಗೆ ಬಿದ್ದ ಸದ್ದು. ಆಮೇಲೆ ನಾಚ್ ಏರೋದು, ಸದ್ದು ದಪ್ಪ ಆಗೋದು, ಒಂದು ಹದಕ್ಕೆ ಬಂದು ನಿಲ್ಲೋದು. ನಡುವೆ ಕಡ್ಲೆಕಾಯಿಯವನು ಬಂದು ಹೋಗ್ತಾನೆ. ಹಿಂದಿನ ಸೀಟಲ್ಲಿ ಇಬ್ಬರು ಯಾರದೋ ಮದುವೆ ಮಾತುಕತೆ ಮುರಿದದ್ದನ್ನ ಬಿಡಿಸಿ ಬಿಡಿಸಿ ಹೇಳ್ತಿದ್ದಾರೆ. ಎಂಜಿನ್ನಿನ ಸದ್ದು ಜೋರಾದಾಗ ಅವರ ದನಿಯೂ ಜೋರಾಗುತ್ತೆ, ಸದ್ದು ಇಳಿದಾಗ ದನಿಯೂ ಇಳಿಯುತ್ತೆ. ಅವರಿಗೆ ಅದರ ಪರಿವೆಯೇ ಇಲ್ಲ. ಕೊನೆಗೆ ಬ್ರೇಕು, ಎರಡು ಮಾವಿನ ಮರ, ಪ್ಲಾಟ್‌ಫಾರ್ಮೇ ಇಲ್ಲದ ಒಂದು ನಿಲ್ದಾಣ, ಮೂಟೆ ಇಳಿಸೋ ಒಬ್ಬ ಮುದುಕ. ಆಲ್ಕೋ ಅಂದ್ರೆ ಏನು ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಇದನ್ನೇ. ತೆಗೆದವನು ಶೀರ್ಷಿಕೆಯಲ್ಲಿ ಎಂಜಿನ್ನಿನ ನಂಬರು ಹಾಕೋದನ್ನೂ ಮರೆತಿದ್ದಾನೆ. ಅದಕ್ಕೇ ಯಾರೂ ನೋಡಿಲ್ಲ ಅನ್ಸುತ್ತೆ.

ನನ್ನ ಸೋದರಮಾವ ಇಂಥ ಎಂಜಿನ್ನುಗಳಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದವರು. ಮೀಟರ್‌ಗೇಜಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿ, ಬ್ರಾಡ್‌ಗೇಜಿನಲ್ಲಿ ಡ್ರೈವರ್ ಆಗಿ ರಿಟೈರಾದರು. ಮಾವ ಮಾತಾಡೋದೇ ಜೋರು. ಎಂಜಿನ್ನಲ್ಲಿ ಪ್ರತಿ ಸಿಗ್ನಲ್ಲನ್ನೂ ಇಬ್ಬರೂ ಒಬ್ಬರಿಗೊಬ್ಬರು ಕೂಗಿ ಹೇಳಬೇಕಲ್ಲ. ಉದ್ದನೇ ಮೂತಿ ಮುಂದಾಗಿ ಓಡಿಸುವಾಗಂತೂ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಲ್ಲ. ಮನೆಯಲ್ಲಿ ಉಪ್ಪು ಕೇಳಿದರೂ ಹೋಮ್ ಸಿಗ್ನಲ್ ಕೂಗಿದ ಹಾಗೇ ಕೇಳ್ತಾರೆ.

ಯುಗಾದಿಗೆ ಊರಿಗೆ ಹೋದಾಗ ಅವರಿಗೆ ಆ ಇಪ್ಪತ್ತೈದು ಹೊರಡುವಿಕೆಗಳ ವಿಡಿಯೋ ತೋರಿಸಿದೆ. ಖುಷಿಪಡ್ತಾರೆ, ಹಳೇ ಕಥೆ ಹೇಳ್ತಾರೆ ಅಂತ ನನ್ನ ಲೆಕ್ಕ. ಮಾವ ಕನ್ನಡಕ ಹಾಕ್ಕೊಂಡು ಫೋನನ್ನ ಕೈ ಚಾಚಿ ಹಿಡಿದು ನೋಡಿದರು. ಮೊದಲನೇದಕ್ಕೆ 'ಇವನು ಅವಸರಗಾರ' ಅಂದರು.

'ಯಾಕ್ ಮಾವ?'

'ನಾಚ್ ಎಂಗ್ ಎಳೀತಾವ್ನೆ ನೋಡು. ಎರಡರಲ್ಲಿ ಒಂದ್ ಗಳಿಗೆ ಬಿಡ್ಬೇಕು. ಗಾಡಿ ತಾನಾಗೇ ಬತ್ತದೆ. ಇಷ್ಟು ಹೊಗೆ ಬಂತು ಅಂದ್ರೆ ಎಣ್ಣೆ ದಂಡ ಅಂತ ಲೆಕ್ಕ.'

ಆ ಹೊಗೆಗೆ ಲಕ್ಷಾಂತರ ಜನ ಲೈಕ್ ಒತ್ತಿದ್ದಾರೆ ಅಂತ ನಾನು ಹೇಳಲಿಲ್ಲ. ನಾಲ್ಕು ಹೊರಡುವಿಕೆ ಆಯ್ತು, ಐದಾಯ್ತು. ಮಾವ ಫೋನನ್ನ ಆ ಕಡೆ ಈ ಕಡೆ ವಾಲಿಸಿ ನೋಡ್ತಿದ್ದರು, ಹಾಗೆ ವಾಲಿಸಿದರೆ ಗಾಡಿಯ ಹಿಂಭಾಗ ಕಾಣುತ್ತೇನೋ ಅನ್ನೋ ಥರ.

'ಮುಂದಕ್ಕೆ ಓಡ್ಸು. ಕೊನೇ ಬೋಗಿ ಬರ್ಲಿ.'

'ಕೊನೇ ಬೋಗಿ ಇಲ್ಲ ಮಾವ. ಇಷ್ಟೇ ತೆಗೆದಿರೋದು.'

'ಮತ್ತೆ ಗಾರ್ಡು ಬಾವುಟ ತೋರ್ಸುದ್ನೋ ಇಲ್ವೋ ಎಂಗ್ ಗೊತ್ತಾಗ್ಬೇಕು? ಹಿಂದೆ ತಿರುಗಿ ನೋಡ್ದಲೆ ಗಾಡಿ ಎತ್ತೋ ಹಂಗಿಲ್ಲ ಕಣ್ಲಾ. ಯಾರಾನಾ ಮುದುಕ್ರು ಹತ್ತಾ ಇರ್ತಾರೆ.'

ಫೋನ್ ವಾಪಸ್ ಕೊಟ್ಟು, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಬುಧವಾರ ಕಣ್ಣಿನ ಆಸ್ಪತ್ರೆಗೆ ತುಮಕೂರಿಗೆ ಹೋಗಬೇಕಂತೆ. ಬೆಳಗಿನ ಗಾಡಿ ಈಗ ನಮ್ಮ ಸ್ಟೇಶನ್ನಲ್ಲಿ ನಿಲ್ಲುತ್ತಾ, ನಿಂತರೆ ಎಷ್ಟೊತ್ತಿಗೆ, ಫೋನಲ್ಲಿ ನೋಡಿ ಹೇಳು ಅಂದರು.